ಗಲಾಟೆ ಆದ ಊರಲ್ಲಿ ಮತ್ತೆ ಮಾತು ಶುರುಮಾಡುವುದು ಹೇಗೆ?

ನಮ್ಮ ಕರಾವಳಿಯಲ್ಲಿ ಏನಾದರೂ ಗಲಾಟೆ ಆದರೆ ನಾಲ್ಕೈದು ದಿನದೊಳಗೆ ಒಂದು ಶಾಂತಿ ಸಭೆ ಇರುತ್ತದೆ. ಅಧಿಕಾರಿಗಳು ಕರೆಯುತ್ತಾರೆ, ಎಲ್ಲ ಧರ್ಮದ ಮುಖಂಡರು ಬರುತ್ತಾರೆ, ಮೈಕಿನಲ್ಲಿ ಸೌಹಾರ್ದದ ಮಾತಾಡುತ್ತಾರೆ, ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ಅದು ಬೇಡ ಅಂತ ನಾನು ಹೇಳುವುದಿಲ್ಲ. ಗಲಾಟೆ ಪಕ್ಕದ ಊರಿಗೆ ಹರಡದಂತೆ ತಡೆಯಲು ಆ ಹೊತ್ತಿಗೆ ಅದು ಬೇಕೇ ಬೇಕು. ಆದರೆ ಆ ಸಭೆಯಲ್ಲಿ ಕೂತವರನ್ನು ಒಮ್ಮೆ ನೋಡಿ. ಹೊಡೆದಾಡಿದ ಹುಡುಗರು ಅಲ್ಲಿ ಇರುವುದಿಲ್ಲ. ಅಂಗಡಿ ಕಳಕೊಂಡವನು ಇರುವುದಿಲ್ಲ. ಮಗನನ್ನು ಕಳಕೊಂಡ ತಾಯಿಯಂತೂ ಇರುವುದೇ ಇಲ್ಲ. ಮತ್ತೆ ಅದೇ ಬೀದಿಯಲ್ಲಿ ಅಕ್ಕಪಕ್ಕ ಬದುಕಬೇಕಾದವರು ಅವರೇ ಅಲ್ವಾ?

ದಕ್ಷಿಣ ಆಫ್ರಿಕಾ, ಉತ್ತರ ಐರ್ಲೆಂಡ್, ಪೂರ್ವ ತಿಮೋರ್, ಕೀನ್ಯಾ, ನೈಜೀರಿಯಾ. ಇಲ್ಲೆಲ್ಲ ಜನ ಎಷ್ಟೋ ರಕ್ತ ಹರಿದ ಮೇಲೆ ಹೇಗೆ ಮತ್ತೆ ಒಟ್ಟಿಗೆ ಬದುಕಲು ಶುರುಮಾಡಿದರು ಅಂತ ಓದುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಗಟ್ಟಿಯಾಯಿತು. ಎರಡು ಕಡೆಯವರು ಎದುರುಬದುರು ಕೂರುವ ಸಭೆ ಈ ಕೆಲಸದ ಅತಿ ಸಣ್ಣ ಭಾಗ. ಅದಕ್ಕೆ ಮೊದಲು ತಿಂಗಳುಗಟ್ಟಲೆ ಕೆಲಸ ಉಂಟು, ಅದರ ನಂತರ ವರ್ಷಗಟ್ಟಲೆ ಕೆಲಸ ಉಂಟು. ಆ ದೇಶಗಳು ಕಂಡದ್ದಕ್ಕೂ ನಮ್ಮ ಊರಿನ ಗಲಾಟೆಗೂ ಹೋಲಿಕೆಯೇ ಇಲ್ಲ, ನಿಜ. ಆದರೆ ಅಲ್ಲಿಯೂ ಕೆಲಸ ನಡೆದದ್ದು ಹಳ್ಳಿ, ಸಂತೆ, ಬೀದಿಯ ಮಟ್ಟದಲ್ಲೇ. ಹಾಗಾಗಿ ನಮಗೆ ಬೇಕಾದ್ದು ಅಲ್ಲಿ ಬೇಕಾದಷ್ಟು ಸಿಗುತ್ತದೆ. ನಿಮ್ಮ ವಾರ್ಡಿನಲ್ಲೋ ಗ್ರಾಮದಲ್ಲೋ ಇದನ್ನು ಮಾಡಬೇಕು ಅಂತ ಇದ್ದರೆ, ನನಗೆ ತಿಳಿದಂತೆ ಹೀಗೆ ಮಾಡಿ.

ಒಬ್ಬರೇ ಹೊರಡಬೇಡಿ

ಮೊದಲು ಇನ್ನೊಂದು ಕಡೆಯಿಂದ ಒಬ್ಬರನ್ನು ಹುಡುಕಿ. ನಿಮ್ಮ ಜನರೇ ನಾಲ್ಕು ಮಂದಿ ಸೇರಿ "ನಾವು ಶಾಂತಿ ಮಾಡಿಸುತ್ತೇವೆ" ಅಂತ ಹೊರಟರೆ ಆಚೆ ಕಡೆಯವರು ಬಾಗಿಲು ತೆಗೆಯುವುದಿಲ್ಲ. ತೆಗೆದರೂ ಮನಸ್ಸು ಬಿಚ್ಚುವುದಿಲ್ಲ.

ನೈಜೀರಿಯಾದ ಕಡೂನಾದಲ್ಲಿ ಇಮಾಮ್ ಮುಹಮ್ಮದ್ ಅಶಾಫಾ ಮತ್ತು ಪಾದ್ರಿ ಜೇಮ್ಸ್ ವುಯೆ ಅಂತ ಇಬ್ಬರಿದ್ದಾರೆ. 1992ರ ಗಲಭೆಯಲ್ಲಿ ಇಬ್ಬರೂ ಎದುರಾಳಿ ಗುಂಪುಗಳಲ್ಲಿದ್ದವರು. ವುಯೆ ಒಂದು ಕೈ ಕಳಕೊಂಡರು, ಅಶಾಫಾ ತಮ್ಮ ಗುರುವನ್ನೂ ಇಬ್ಬರು ಬಂಧುಗಳನ್ನೂ ಕಳಕೊಂಡರು. ಸೇಡಿನ ಯೋಚನೆಯಲ್ಲೇ ಇದ್ದ ಈ ಇಬ್ಬರು 1995ರಲ್ಲಿ ಸೇರಿ ಒಂದು ಸಂಧಾನ ಕೇಂದ್ರ ಶುರುಮಾಡಿದರು. ಕೇಂದ್ರ ಶುರುವಾದ ಮೇಲೂ ಒಬ್ಬರನ್ನೊಬ್ಬರು ಪೂರ್ತಿ ನಂಬಲು ಅವರಿಗೆ ವರ್ಷಗಳೇ ಬೇಕಾದವು. ಇದು ನೆನಪಿರಲಿ. ನೀವು ಹುಡುಕಿದ ಜೊತೆಗಾರ ಮೊದಲ ದಿನವೇ ನಿಮ್ಮ ಸ್ನೇಹಿತ ಆಗಬೇಕಾಗಿಲ್ಲ. ಕೆಲಸಕ್ಕೆ ಒಪ್ಪಿದರೆ ಸಾಕು.

ಆಮೇಲೆ ತಂಡಕ್ಕೆ ಯಾರು? ಮುಖಂಡರ ಹೆಸರು ತಲೆಗೆ ಮೊದಲು ಬರುತ್ತದೆ. ಸ್ವಲ್ಪ ತಡೆಯಿರಿ. ದಿನಾ ಎರಡೂ ಕಡೆಯ ಜನರ ಜೊತೆ ಮಾತಾಡುವವರು ಯಾರು ಅಂತ ಯೋಚಿಸಿ. ರಿಕ್ಷಾ ಪಾರ್ಕಿನಲ್ಲಿ ಹಳಬರೊಬ್ಬರು ಇರುತ್ತಾರೆ. ದಕ್ಕೆಯಲ್ಲಿ ಮೀನು ಏಲಂ ಮಾಡುವವರಿಗೆ ಹಿಂದೂ ಮೀನುಗಾರರಾದ ಮೊಗವೀರರೂ ಗೊತ್ತು, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳೂ ಗೊತ್ತು. ಎಲ್ಲ ಮನೆಯ ಅಡುಗೆಕೋಣೆವರೆಗೂ ಹೋಗಿ ಬರುವ ಆಶಾ ಕಾರ್ಯಕರ್ತೆ ಇದ್ದಾರೆ. ಸರಕಾರಿ ಶಾಲೆಯ ಟೀಚರ್ ಇದ್ದಾರೆ. ಬೀಡಿ ಕಟ್ಟಿ ಬ್ರಾಂಚಿಗೆ ಕೊಡಲು ಬರುವ ಹೆಂಗಸರನ್ನಂತೂ ಬಿಡಲೇಬೇಡಿ. ಎಲ್ಲ ಜಾತಿ ಧರ್ಮದವರೂ ಒಂದೇ ಸಾಲಿನಲ್ಲಿ ನಿಂತು, ಮಕ್ಕಳ ಫೀಸು, ಗಂಡನ ಕುಡಿತ, ಮಗಳ ಮದುವೆ ಎಲ್ಲ ಮಾತಾಡುವ ಜಾಗ ಅದು.

ಹೆಂಗಸರ ವಿಷಯ ಸುಮ್ನೆ ಹೇಳುತ್ತಿಲ್ಲ. ಕೀನ್ಯಾದ ವಜೀರ್ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸೋಮಾಲಿ ಕುಲಗಳ ನಡುವೆ ಕೊಲೆಗಳು ನಡೆಯುತ್ತಿದ್ದವು. ಆಗ ಡೇಖಾ ಇಬ್ರಾಹಿಂ ಅಬ್ದಿ ಮತ್ತು ಇನ್ನು ಕೆಲವು ಹೆಂಗಸರು ಶುರುಮಾಡಿದ್ದು ಸಂತೆಯಿಂದ. ಯಾವ ಕುಲದ ಹೆಂಗಸೇ ಆಗಲಿ, ಭಯ ಇಲ್ಲದೆ ಬಂದು ಮಾರಬೇಕು, ಕೊಳ್ಳಬೇಕು. ಅಷ್ಟೇ ಅವರ ಮೊದಲ ಗುರಿ. ಅದು ನಡೆಯುತ್ತದೋ ಇಲ್ಲವೋ ನೋಡಲು ತಮ್ಮಲ್ಲೇ ಒಂದು ಸಮಿತಿ ಮಾಡಿಕೊಂಡರು. ಸಂತೆ ಸರಿಯಾದ ಮೇಲೆ ಹಿರಿಯರ ಹತ್ತಿರ ಹೋದರು, ಯುವಕರ ಹತ್ತಿರ ಹೋದರು, ಕೊನೆಗೆ ಅಧಿಕಾರಿಗಳನ್ನೂ ಸೇರಿಸಿಕೊಂಡು ಜಿಲ್ಲೆಗೇ ಒಂದು ಶಾಂತಿ ಸಮಿತಿ ಕಟ್ಟಿದರು. ಮೇಲಿನಿಂದ ಕೆಳಗೆ ಬಂದ ಆದೇಶ ಅದಲ್ಲ. ತರಕಾರಿ ಮಾರುವ ಜಾಗದಿಂದ ಮೇಲೆ ಹೋದದ್ದು.

ಬೇರೆ ಬೇರೆಯಾಗಿ ಕೇಳಿ, ಜಾಸ್ತಿ ಕೇಳಿ

ಇದಕ್ಕೆ ಅತಿ ಹೆಚ್ಚು ಸಮಯ ಕೊಡಿ. ಎರಡೂ ಕಡೆಯವರನ್ನು ಕೂಡಲೇ ಒಂದೇ ಕೋಣೆಗೆ ಕರೆಯುವ ಆಸೆ ಆಗುತ್ತದೆ, ಆದರೆ ಹಸಿ ನೋವಿನಲ್ಲಿ ಎದುರುಬದುರು ಕೂರಿಸಿದರೆ ಮಾತಿಗೆ ಮಾತು ಬೆಳೆದು ಮೊದಲಿಗಿಂತ ಕೆಟ್ಟು ಹೋಗುತ್ತದೆ.

ಮನೆಗೆ ಹೋಗಿ. ಇಬ್ಬರು ಹೋಗಿ, ಜಾಸ್ತಿ ಜನ ಬೇಡ. ಮೊಬೈಲ್ ಹೊರಗೆ ತೆಗೆಯಬೇಡಿ, ರೆಕಾರ್ಡಿಂಗ್ ಬೇಡ, ಫೋಟೋ ಬೇಡ. ಕೇಳಬೇಕಾದ ಪ್ರಶ್ನೆ ಮೂರ್ನಾಲ್ಕೇ: ಏನಾಯಿತು? ನಿಮಗೆ ಏನು ನಷ್ಟ ಆಯಿತು? ಈಗ ಯಾವುದಕ್ಕೆ ಹೆದರಿಕೆ? ಏನಾದರೆ ನಿಮಗೆ ಸ್ವಲ್ಪ ನೆಮ್ಮದಿ? ಉತ್ತರ ಬರುವಾಗ ಮಧ್ಯ ಬಾಯಿ ಹಾಕಬೇಡಿ. "ಅವರಿಗೂ ನೋವಾಗಿದೆಯಲ್ಲ" ಅಂತ ತೂಗಿಸಲು ಹೋಗಬೇಡಿ, ಅದು ಆಮೇಲೆ. "ಆದದ್ದು ಆಯಿತು, ಬಿಟ್ಟುಬಿಡಿ" ಅನ್ನುವುದು ನಮ್ಮ ಊರಿನಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಕೇಳುವವರಿಗೆ ಮಾತ್ರ ತಮ್ಮ ನೋವಿಗೆ ಬೆಲೆಯೇ ಇಲ್ಲ ಅನ್ನಿಸಿಬಿಡುತ್ತದೆ.

ಭಾಷೆ ಮುಖ್ಯ. ತುಳು ಮನೆಯಲ್ಲಿ ತುಳು, ಬ್ಯಾರಿ ಮನೆಯಲ್ಲಿ ಬ್ಯಾರಿ, ಕೊಂಕಣಿಯವರ ಮನೆಯಲ್ಲಿ ಕೊಂಕಣಿ. ಕನ್ನಡ ಎಲ್ಲರಿಗೂ ಬರುತ್ತದೆ ಅಂತ ಕನ್ನಡದಲ್ಲೇ ಮುಗಿಸಬೇಡಿ, ಅಳು ಬರುವುದು ಮನೆಮಾತಿನಲ್ಲಿ. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ವರ್ಣಭೇದ ಆಡಳಿತ ಮುಗಿದ ಮೇಲೆ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ 1996ರಲ್ಲಿ ಜನರ ಮಾತು ಕೇಳಲು ಶುರುಮಾಡಿದಾಗ, ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲೇ ಹೇಳಲಿ ಅಂತ ಅನುವಾದಕರನ್ನು ಇಟ್ಟಿತ್ತು. ನೊಂದವರಿಂದ 21,000ಕ್ಕೂ ಹೆಚ್ಚು ಹೇಳಿಕೆಗಳು ಅಲ್ಲಿ ಬಂದವು.

ಕೇಳುತ್ತಾ ಹೋದ ಹಾಗೆ ಮೂರು ಸಂಗತಿಗಳು ಕಲಸಿಕೊಂಡಿರುವುದು ಕಾಣುತ್ತದೆ: ನಿಜವಾಗಿ ಆದದ್ದು, ಆಯಿತು ಅಂತ ಜನ ನಂಬಿದ್ದು, ಮುಂದೆ ಆಗಬಹುದು ಅಂತ ಹೆದರಿದ್ದು. ಇವನ್ನು ಬೇರೆ ಬೇರೆ ಮಾಡಿ ನಿಮ್ಮ ತಂಡದೊಳಗೆ ಬರೆದುಕೊಳ್ಳಿ. ಹೆಚ್ಚಾಗಿ ಜಗಳದ ಬುಡದಲ್ಲಿ ಬಹಳ ಸಣ್ಣ ವಿಷಯ ಇರುತ್ತದೆ. ಮೆರವಣಿಗೆ ಹೋಗುವ ದಾರಿ, ಮೈಕಿನ ಸದ್ದು, ಜಾತ್ರೆಯಲ್ಲಿ ಅಂಗಡಿ ಹಾಕುವ ಜಾಗ, ಆಟದ ಮೈದಾನ, ಒಂದು ಫ್ಲೆಕ್ಸ್. ಅದರ ಮೇಲೆ ವಾಟ್ಸಾಪಿನಲ್ಲಿ ಬಂದದ್ದು, ಹಳೆಯ ಸಿಟ್ಟು, ಎಲ್ಲ ಪೇರಿಸಿಕೊಂಡಿರುತ್ತದೆ. ಸಣ್ಣ ವಿಷಯ ಸಿಕ್ಕಿದರೆ ಖುಷಿಪಡಿ, ಅದನ್ನು ನಿಮ್ಮ ಕೈಯಲ್ಲಿ ಬಗೆಹರಿಸಲು ಆಗುತ್ತದೆ.

ಎಷ್ಟು ದಿನ ಬೇಕು ಅಂತ ಕೇಳಿದರೆ, ಎರಡು ಮೂರು ತಿಂಗಳು ಅಂತ ಲೆಕ್ಕ ಹಾಕಿಕೊಳ್ಳಿ. ಆಫ್ರಿಕಾದ ಮೊಜಾಂಬಿಕ್‌ನ ಅಂತರ್ಯುದ್ಧ ನಿಲ್ಲಿಸಲು ಎರಡು ವರ್ಷಕ್ಕೂ ಮೇಲೆ ಬೇಕಾಯಿತು: ಸರಕಾರ ಮತ್ತು ಬಂಡುಕೋರರ ಮಾತುಕತೆ ರೋಮ್‌ನಲ್ಲಿ 1990ರ ಜುಲೈಯಲ್ಲಿ ಶುರುವಾಗಿ 1992ರ ಅಕ್ಟೋಬರ್ 4ಕ್ಕೆ ಒಪ್ಪಂದ ಆಯಿತು. ಮಧ್ಯಸ್ಥಿಕೆ ವಹಿಸಿದವರಲ್ಲಿ ಸಾಂತ್ ಎಜಿದಿಯೊ ಅನ್ನುವ ಕ್ರೈಸ್ತ ಸಮುದಾಯದವರು ಮುಖ್ಯರು. ಮೊದಲ ಸುತ್ತಿನಲ್ಲಿ ಎರಡೂ ಕಡೆಯವರು ಒಪ್ಪಿ ಹೇಳಿದ್ದು ಇಷ್ಟೇ: ನಾವೆಲ್ಲ ಒಂದೇ ದೇಶದವರು, ಮೊಜಾಂಬಿಕ್ ಎಂಬ ದೊಡ್ಡ ಕುಟುಂಬದವರು. ಕಠಿಣ ವಿಷಯಗಳನ್ನು ಆಮೇಲೆ ಒಂದೊಂದಾಗಿ ತೆಗೆದುಕೊಂಡರು. ನೀವೂ ಎರಡೂ ಕಡೆಯವರು ಒಪ್ಪುವ ನಾಲ್ಕು ಮಾತನ್ನು ಮೊದಲು ಹುಡುಕಿ ಇಟ್ಟುಕೊಳ್ಳಿ. "ಮಕ್ಕಳು ಹೆದರದೆ ಶಾಲೆಗೆ ಹೋಗಬೇಕು" ಅನ್ನುವುದನ್ನು ಒಪ್ಪದವರು ಯಾರೂ ಸಿಗುವುದಿಲ್ಲ.

ಒಟ್ಟಿಗೆ ಕೂರುವ ದಿನ

ಜಾಗ ಯಾರದ್ದೂ ಆಗಿರಬಾರದು. ದೇವಸ್ಥಾನದ ಹಾಲ್, ಮಸೀದಿಯ ಹಾಲ್, ಚರ್ಚ್ ಹಾಲ್, ಪಕ್ಷದ ಆಫೀಸು ಬೇಡ. ಸರಕಾರಿ ಶಾಲೆಯ ಒಂದು ಕ್ಲಾಸ್‌ರೂಮ್ ಆದೀತು, ಪಂಚಾಯತ್ ಲೈಬ್ರರಿ ಆದೀತು. ಶುಕ್ರವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ, ಊರಿನ ನೇಮ ಅಥವಾ ಉರೂಸ್ ಇರುವ ದಿನ ಬಿಟ್ಟುಬಿಡಿ. ಮೀನು ಕೆಲಸದವರಿಗೆ ಬೆಳಗಿನ ಜಾವದಿಂದಲೇ ದಿನ ಶುರು, ಬೀಡಿಯವರಿಗೆ ಬ್ರಾಂಚಿನ ಸಮಯ ಉಂಟು. ಕೇಳಿಕೊಂಡೇ ಗಂಟೆ ನಿಗದಿ ಮಾಡಿ. ಚಾ, ಗೋಳಿಬಜೆ ಸಾಕು. ಊಟ ಇಟ್ಟರೆ ಯಾರು ಏನು ತಿನ್ನುತ್ತಾರೆ ಅನ್ನುವುದೇ ಒಂದು ತಲೆಬಿಸಿ ಆಗುತ್ತದೆ.

ಹನ್ನೆರಡು ಹದಿನೈದು ಜನಕ್ಕಿಂತ ಜಾಸ್ತಿ ಬೇಡ. ವೇದಿಕೆ ಬೇಡ, ಬ್ಯಾನರ್ ಬೇಡ, ಮುಖ್ಯ ಅತಿಥಿ ಬೇಡವೇ ಬೇಡ. ಸುತ್ತಲೂ ವೃತ್ತವಾಗಿ ಕೂರಿ. ಪೂರ್ವ ತಿಮೋರ್‌ನಲ್ಲಿ, ಇಂಡೊನೇಷ್ಯಾದಿಂದ ಬೇರೆಯಾಗುವ ಹೊತ್ತಿನ 1999ರ ಹಿಂಸೆಯ ನಂತರ ಹಳ್ಳಿಹಳ್ಳಿಗಳಲ್ಲಿ ಸಾಮರಸ್ಯದ ಸಭೆಗಳು ನಡೆದಾಗ ಹಿರಿಯರು ಚಾಪೆ ಹಾಸುತ್ತಿದ್ದರು. ಮನೆ ಸುಟ್ಟವನು, ಮನೆ ಕಳಕೊಂಡವನು, ಊರಿನವರು ಎಲ್ಲರೂ ಅಲ್ಲಿ ಸೇರಿ, ವಿಷಯ ಮುಗಿದ ಮೇಲಷ್ಟೇ ಚಾಪೆ ಮಡಚುವುದು. ಸುಮಾರು 1,400 ಜನರ ಪ್ರಕರಣಗಳು ಹೀಗೆ ಇತ್ಯರ್ಥವಾದವು. ತಪ್ಪು ಒಪ್ಪಿಕೊಂಡವರು ಎಲ್ಲರ ಮುಂದೆ ಕ್ಷಮೆ ಕೇಳಿದರು, ಕೆಲವರು ಮನೆ ಕಟ್ಟಿಕೊಡಲು, ಊರಿನ ಕೆಲಸ ಮಾಡಿಕೊಡಲು ಒಪ್ಪಿದರು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ತಿಮೋರ್‌ನಲ್ಲಿ ಚಾಪೆಯ ಮೇಲೆ ಬಂದದ್ದು ಕಳವು, ಮನೆಗೆ ಬೆಂಕಿ, ಸಣ್ಣ ಹಲ್ಲೆಯಂಥವು ಮಾತ್ರ. ಕೊಲೆ, ಅತ್ಯಾಚಾರ ಅಲ್ಲಿಗೆ ಬರುವಂತಿರಲಿಲ್ಲ, ಅವು ನ್ಯಾಯಾಲಯಕ್ಕೇ ಹೋಗಬೇಕಿತ್ತು. ನಮ್ಮಲ್ಲಿ ಇದು ಇನ್ನೂ ಮುಖ್ಯ. ಪೊಲೀಸ್ ಕೇಸ್ ಆಗಿದ್ದರೆ ಅದು ತನ್ನ ದಾರಿಯಲ್ಲಿ ನಡೆಯಲಿ. ಕೊಲೆಯಂಥ ಅಪರಾಧದಲ್ಲಿ ಊರಿನವರು ಸೇರಿ ರಾಜಿ ಮಾಡಲು ಕಾನೂನಿನಲ್ಲಿ ಅವಕಾಶವೇ ಇಲ್ಲ. "ನೀವು ಕೇಸ್ ವಾಪಸ್ ತೆಗೆದುಕೊಳ್ಳಿ, ನಾವು ಕ್ಷಮೆ ಕೇಳುತ್ತೇವೆ" ಅನ್ನುವ ವ್ಯಾಪಾರ ನಿಮ್ಮ ವೃತ್ತದೊಳಗೆ ಬರಲೇಬಾರದು. ದಕ್ಷಿಣ ಆಫ್ರಿಕಾದಲ್ಲಿ ಸತ್ಯ ಪೂರ್ತಿ ಹೇಳಿದವರಿಗೆ ಮಾತ್ರ ಕ್ಷಮಾದಾನ ಅಂತ ನಿಯಮ ಇತ್ತು. 7,000ಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು, ಸಿಕ್ಕಿದ್ದು 849 ಜನಕ್ಕೆ. ಆದರೆ ಸಿಗದೆ ಉಳಿದವರಲ್ಲಿ ಬಹುಪಾಲು ಜನರ ಮೇಲೆ ಆಮೇಲೆ ಕೇಸೇ ನಡೆಯಲಿಲ್ಲ. ಸತ್ತವರ ಮನೆಯವರಿಗೆ ಇವತ್ತಿಗೂ ಅದು ಆರದ ಸಿಟ್ಟು.

ಮಾತಿನ ನಿಯಮ ಮೊದಲೇ ಹೇಳಿಬಿಡಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. "ನಿಮ್ಮವರೆಲ್ಲ ಹೀಗೇ" ಅನ್ನಬಾರದು, "ಆ ದಿನ ನನಗೆ ಹೀಗಾಯಿತು" ಅನ್ನಬಹುದು. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಮೊದಲ ಮಾತು ಹೆಂಗಸರಿಗೆ ಕೊಡಿ, ಕೊನೆಗೆ ಇಟ್ಟರೆ ಗಂಡಸರ ವಾದದಲ್ಲಿ ಸಮಯ ಮುಗಿದಿರುತ್ತದೆ. ಉತ್ತರ ಐರ್ಲೆಂಡ್‌ನ ಮಾತುಕತೆಗೆ ಹೆಂಗಸರನ್ನು ಯಾರೂ ಕರೆಯುವುದಿಲ್ಲ ಅಂತ ಗೊತ್ತಾಗಿ, 1996ರಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟಂಟ್ ಎರಡೂ ಕಡೆಯ ಹೆಂಗಸರು ಸೇರಿ ತಾವೇ ಒಂದು ಪಕ್ಷ ಕಟ್ಟಿ, ಚುನಾವಣೆಗೆ ನಿಂತು ಎರಡು ಸೀಟು ಗೆದ್ದು ಒಳಗೆ ಬಂದರು. ನೊಂದವರ ಹಕ್ಕು, ಮಕ್ಕಳು ಒಟ್ಟಿಗೆ ಕಲಿಯುವ ಶಾಲೆ ಇಂಥ ವಿಷಯಗಳಿಗೆ ಅಲ್ಲಿ ಪಟ್ಟು ಹಿಡಿದವರು ಅವರು.

ಯಾರಾದರೂ ಸಿಟ್ಟಿನಲ್ಲಿ ಎದ್ದು ಹೋದರೆ ಹಿಂದೆಯೇ ಓಡಬೇಡಿ, ತಂಡದ ಒಬ್ಬರು ಹೊರಗೆ ಹೋಗಿ ಜೊತೆಗೆ ನಿಂತುಕೊಳ್ಳಲಿ ಅಷ್ಟೇ. ವೋಟ್ ಹಾಕಿಸಬೇಡಿ. ಯಾರು ಸರಿ ಯಾರು ತಪ್ಪು ಅಂತ ತೀರ್ಪು ಕೊಡಬೇಡಿ.

ಕ್ಷಮೆ

ಕ್ಷಮಿಸಿ ಅಂತ ನೊಂದವರ ಮೇಲೆ ಒತ್ತಡ ಹಾಕುವುದು ಇನ್ನೊಂದು ಹಿಂಸೆ. ನನಗೆ ಇದರಲ್ಲಿ ಯಾವ ಸಂಶಯವೂ ಇಲ್ಲ. ಕ್ಯಾಮೆರಾ ಮುಂದೆ ಕೈಕುಲುಕಿಸಿ, ತಬ್ಬಿಸಿ ಕಳಿಸಿದರೆ ಮನೆಗೆ ಹೋದ ಮೇಲೆ ಅವರು ತಮ್ಮನ್ನೇ ಶಪಿಸಿಕೊಳ್ಳುತ್ತಾರೆ. ಕ್ಷಮೆ ಕೇಳುವುದು ಒಬ್ಬರ ಕೆಲಸ, ಕೊಡುವುದೋ ಬಿಡುವುದೋ ಇನ್ನೊಬ್ಬರ ಇಷ್ಟ.

ಕೇಳುವವರು ಹೇಗೆ ಕೇಳಬೇಕು? 1972ರ ಜನವರಿ 30ರಂದು ಉತ್ತರ ಐರ್ಲೆಂಡ್‌ನ ಡೆರಿಯಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಜನರ ಮೇಲೆ ಗುಂಡು ಹಾರಿಸಿ 13 ಜನರನ್ನು ಅಲ್ಲೇ ಕೊಂದರು, ಗಾಯಗೊಂಡ ಇನ್ನೊಬ್ಬರು ಆಮೇಲೆ ತೀರಿಕೊಂಡರು. ಅದೇ ವರ್ಷ ನಡೆದ ಮೊದಲ ತನಿಖೆ ಸೈನಿಕರ ತಪ್ಪನ್ನು ಬಹುಮಟ್ಟಿಗೆ ಮುಚ್ಚಿಹಾಕಿತು. ಮನೆಯವರು ಬಿಡಲಿಲ್ಲ. 38 ವರ್ಷ ಕಳೆದು, 2010ರ ಜೂನ್‌ನಲ್ಲಿ ಎರಡನೇ ತನಿಖೆಯ ವರದಿ ಬಂದ ದಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಸಂಸತ್ತಿನಲ್ಲಿ ನಿಂತು, ಆದದ್ದು ತಪ್ಪು, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ ಅಂತ ಹೇಳಿ ಸರಕಾರದ ಪರವಾಗಿ ಕ್ಷಮೆ ಕೇಳಿದರು. ಡೆರಿಯ ಚೌಕದಲ್ಲಿ ದೊಡ್ಡ ಪರದೆಯ ಮೇಲೆ ನೋಡುತ್ತಿದ್ದ ಜನ ಚಪ್ಪಾಳೆ ತಟ್ಟಿದರು. ಆ ಮಾತಿನಲ್ಲಿ "ಒಂದು ವೇಳೆ ನಿಮಗೆ ನೋವಾಗಿದ್ದರೆ" ಇರಲಿಲ್ಲ, "ಆದರೆ ಅವರೂ" ಇರಲಿಲ್ಲ. ಊರಿನ ಸಭೆಯಲ್ಲೂ ಅಷ್ಟೇ ಬೇಕು: ಏನು ಮಾಡಿದೆ, ಅದು ತಪ್ಪು, ಸರಿಪಡಿಸಲು ಇಂಥದ್ದು ಮಾಡುತ್ತೇನೆ.

ಆಮೇಲಿನದ್ದೇ ದೊಡ್ಡ ಕೆಲಸ

ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾರು, ಏನು, ಯಾವ ತಾರೀಕಿನೊಳಗೆ. ಒಡೆದ ಅಂಗಡಿಯ ಗಾಜು ಯಾರು ಹಾಕಿಸಿಕೊಡುತ್ತಾರೆ, ಸುಟ್ಟ ರಿಕ್ಷಾದ ಸಾಲಕ್ಕೆ ಊರಿನಿಂದ ಎಷ್ಟು ಸೇರಿಸುತ್ತಾರೆ. ಒಳ್ಳೆಯ ಮಾತಾಡಿ ಕೈಬಿಟ್ಟರೆ ಜನ ಇನ್ನೊಮ್ಮೆ ಬರುವುದಿಲ್ಲ. ದಕ್ಷಿಣ ಆಫ್ರಿಕಾದ ಆಯೋಗ ನೊಂದವರಿಗೆ ಆರು ವರ್ಷ ಪರಿಹಾರ ಕೊಡಿ ಅಂತ ಹೇಳಿತ್ತು. ಸರಕಾರ ಕೊನೆಗೆ 2003ರಲ್ಲಿ ತೀರ್ಮಾನಿಸಿದ್ದು ಒಂದೇ ಕಂತಿನಲ್ಲಿ 30,000 ರ‍್ಯಾಂಡ್. ಜಗತ್ತೇ ಹೊಗಳಿದ ಆ ಆಯೋಗದ ಬಗ್ಗೆ ಅಲ್ಲಿನ ಎಷ್ಟೋ ಮನೆಗಳಲ್ಲಿ ಬೇಸರ ಉಳಿದದ್ದಕ್ಕೆ ಇದೂ ಒಂದು ಕಾರಣ.

ಎರಡನೆಯದು ಸುಳ್ಳು ಸುದ್ದಿ. 1994ರ ರುವಾಂಡಾದ ನರಮೇಧದಲ್ಲಿ ಒಂದು ರೇಡಿಯೋ ಸ್ಟೇಷನ್ ದ್ವೇಷ ಹರಡಿ, ಯಾರನ್ನು ಹಿಡಿಯಬೇಕು ಅಂತ ಹೆಸರು ಹೇಳುತ್ತಿತ್ತು. ಈಗ ಎಲ್ಲರ ಜೇಬಿನಲ್ಲೂ ಒಂದು ಮೊಬೈಲ್ ಉಂಟು. ನಿಮ್ಮ ಗುಂಪಿನಲ್ಲಿ ಎರಡೂ ಕಡೆಯಿಂದ ಮೂರ್ಮೂರು ಜನ ನಡುರಾತ್ರಿಯಲ್ಲೂ ಫೋನ್ ಎತ್ತುವವರು ಇರಲಿ. ಯಾವುದೇ ವಿಡಿಯೋ ಬಂದರೂ ಮೊದಲು ಆಚೆ ಕಡೆಯವರಿಗೆ ಫೋನ್ ಮಾಡಿ ಕೇಳಬೇಕು, ಸುಳ್ಳಾದರೆ ಇಬ್ಬರೂ ತಮ್ಮ ತಮ್ಮ ಗುಂಪುಗಳಲ್ಲಿ ತಮ್ಮ ಧ್ವನಿಯಲ್ಲೇ ಹೇಳಬೇಕು, ನಿಜವಾಗಿ ಅಪಾಯ ಕಂಡರೆ ಕೂಡಲೇ 112ಕ್ಕೆ ಕರೆ ಮಾಡಬೇಕು. ಹೆಸರು ಹೇಳದ ಫಾರ್ವರ್ಡ್ ಮೆಸೇಜಿಗಿಂತ ಗುರುತಿನವರ ಧ್ವನಿಯನ್ನು ಜನ ಜಾಸ್ತಿ ನಂಬುತ್ತಾರೆ.

ಮೂರನೆಯದು, ಏನೂ ಆಗದ ತಿಂಗಳಲ್ಲೂ ಸೇರುವುದು. ಮಹಾರಾಷ್ಟ್ರದ ಭಿವಂಡಿ 1970ರಲ್ಲಿ, ಮತ್ತೆ 1984ರಲ್ಲಿ ದೊಡ್ಡ ಗಲಭೆ ಕಂಡ ಊರು. 1988ರಲ್ಲಿ ಸುರೇಶ್ ಖೋಪಡೆ ಅನ್ನುವ ಪೊಲೀಸ್ ಅಧಿಕಾರಿ ಅಲ್ಲಿ ಮೊಹಲ್ಲಾ ಸಮಿತಿಗಳನ್ನು ಮಾಡಿದರು. ಬೀದಿಬೀದಿಯ ಹಿಂದೂ, ಮುಸ್ಲಿಂ ನೆರೆಹೊರೆಯವರು ಪೊಲೀಸರ ಜೊತೆ ಆಗಾಗ ಕೂತು, ಚರಂಡಿ ನೀರಿನಿಂದ ಹಿಡಿದು ಮಕ್ಕಳ ಜಗಳದವರೆಗೆ ಮಾತಾಡುತ್ತಿದ್ದರು. 1992–93ರಲ್ಲಿ ಹತ್ತಿರದ ಮುಂಬೈ ಉರಿಯುವಾಗ ಭಿವಂಡಿ ಶಾಂತವಾಗಿತ್ತು. ಸಂಶೋಧಕ ಅಶುತೋಷ್ ವಾರ್ಷ್ಣೇಯ ಅವರು ನಮ್ಮದೇ ಕರಾವಳಿ ಸಾಲಿನ, ಶಾಂತವಾಗಿದ್ದ ಕೋಯಿಕ್ಕೋಡನ್ನು ಮತ್ತೆ ಮತ್ತೆ ಗಲಭೆ ಕಂಡ ಅಲಿಗಢದ ಜೊತೆ ಹೋಲಿಸಿ ನೋಡಿದಾಗ ಕಂಡದ್ದೂ ಇಂಥದ್ದೇ. ಎರಡೂ ಧರ್ಮದವರು ಒಟ್ಟಿಗೆ ಇರುವ ವ್ಯಾಪಾರಿ ಸಂಘ, ಕಾರ್ಮಿಕ ಸಂಘಗಳು ಗಟ್ಟಿಯಾಗಿರುವ ಊರಲ್ಲಿ ಗಾಳಿಸುದ್ದಿ ಗಲಭೆಯಾಗುವ ಮೊದಲೇ ನಿಲ್ಲುತ್ತದೆ. ಬರೇ ನಮಸ್ಕಾರ, ಹಬ್ಬದ ಊಟದ ಪರಿಚಯ ಅಷ್ಟು ತಡೆದುಕೊಳ್ಳುವುದಿಲ್ಲ.

ಇದು ನಮಗೆ ನೇರ ತಾಗುವ ಮಾತು. ಮೂಲ್ಕಿಯ ಬಪ್ಪನಾಡು ದೇವಸ್ಥಾನದ ಕಥೆಯಲ್ಲಿ ಬಪ್ಪ ಬ್ಯಾರಿ ಇದ್ದಾನೆ, ಮುಸ್ಲಿಂ ಮೂಲದ ದೈವ ಅನ್ನುವ ಬೊಬ್ಬರ್ಯನಿಗೆ ಮೊಗವೀರರು ನಡೆದುಕೊಳ್ಳುತ್ತಾರೆ, ಉಳ್ಳಾಲದ ದರ್ಗಾಕ್ಕೂ ಕಾರ್ಕಳದ ಅತ್ತೂರು ಚರ್ಚಿಗೂ ಎಲ್ಲರೂ ಹೋಗುತ್ತಾರೆ. ನನಗೆ ಇವೆಲ್ಲ ಬಹಳ ಪ್ರೀತಿಯವು. ಆದರೆ "ನಾವು ಹಿಂದಿನಿಂದಲೂ ಅಣ್ಣತಮ್ಮಂದಿರ ಹಾಗೆ ಇದ್ದವರು" ಅಂತ ಇವನ್ನೇ ಹೇಳುತ್ತಾ ಕೂತರೆ, ಈಗ ನೊಂದವರ ಬಾಯಿ ಮುಚ್ಚಿಸಿದ ಹಾಗೆ ಆಗುತ್ತದೆ. ಹಳೆಯ ಕಥೆಯ ಜೊತೆಗೆ ಈಗಿನ ಸಂಘಗಳೂ ಬೇಕು. ರಿಕ್ಷಾ ಚಾಲಕರ ಸಂಘ, ಬೀಡಿ ಯೂನಿಯನ್, ಮೀನುಗಾರರ ಸೊಸೈಟಿ, ಶಾಲೆಯ ಎಸ್‌ಡಿಎಂಸಿ, ಕಬಡ್ಡಿ ಟೀಮ್. ಇವುಗಳಲ್ಲಿ ಯಾವುದು ಇತ್ತೀಚೆಗೆ ಧರ್ಮದ ಪ್ರಕಾರ ಎರಡಾಗಿದೆ ಅಂತ ನೋಡಿ, ಅದನ್ನು ಮತ್ತೆ ಒಂದು ಮಾಡಲು ಎಲ್ಲಕ್ಕಿಂತ ಮೊದಲು ಕೈಹಾಕಿ. ಮಕ್ಕಳ ಶಾಲೆಯ ವಿಷಯದಲ್ಲಂತೂ ಸಡಿಲ ಬಿಡಬೇಡಿ. ಉತ್ತರ ಐರ್ಲೆಂಡ್‌ನಲ್ಲಿ 1998ರಲ್ಲಿ ಒಪ್ಪಂದ ಆಗಿ, ಅಲ್ಲಿನ ಶೇ 71 ಮತದಾರರು ಅದನ್ನು ಒಪ್ಪಿದರು. ಆದರೂ ಬೆಲ್‌ಫಾಸ್ಟ್‌ನಲ್ಲಿ ಎರಡು ಬಡಾವಣೆಗಳ ನಡುವಿನ ಗೋಡೆಗಳು ಇನ್ನೂ ನಿಂತಿವೆ, ಹೆಚ್ಚಿನ ಮಕ್ಕಳು ಇನ್ನೂ ಬೇರೆ ಬೇರೆ ಶಾಲೆಗಳಲ್ಲೇ ಓದುತ್ತಿದ್ದಾರೆ.

ಶುರುಮಾಡಲು ಒಳ್ಳೆಯ ಸಮಯ ನಮ್ಮಲ್ಲಿ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ದೋಣಿಯವರು ಊರಲ್ಲೇ ಸಿಗುತ್ತಾರೆ, ತುಳುವರ ಆಟಿ ತಿಂಗಳಲ್ಲಿ ಮದುವೆ ಗದ್ದಲವೂ ಇಲ್ಲ. ಅದರ ಹಿಂದೆಯೇ ಮೊಸರುಕುಡಿಕೆ, ಚೌತಿ, ಶಾರದೋತ್ಸವ ಸಾಲಾಗಿ ಬರುತ್ತವೆ. ಮೀಲಾದ್ ಮೆರವಣಿಗೆ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಆ ವರ್ಷ ಯಾವಾಗ ಅಂತ ಕ್ಯಾಲೆಂಡರ್ ನೋಡಿಕೊಳ್ಳಿ. ಜುಲೈ ಮುಗಿಯುವ ಮೊದಲು ಎಲ್ಲ ಮೆರವಣಿಗೆಗಳ ದಾರಿ, ಗಂಟೆ, ಮೈಕಿನ ಸದ್ದು, ಪ್ರತಿ ತಿರುವಿನಲ್ಲಿ ಎರಡೂ ಕಡೆಯಿಂದ ನಿಲ್ಲುವ ಇಬ್ಬಿಬ್ಬರ ಹೆಸರು ಬರೆದು, ಒಂದು ಪ್ರತಿ ಠಾಣೆಗೆ ಕೊಟ್ಟು, ಇನ್ನೊಂದನ್ನು ನಿಮ್ಮ ಗುಂಪಿನಲ್ಲಿ ಇಟ್ಟುಕೊಳ್ಳಿ.